ಹೊಲದಲ್ಲಿದ್ದ ಹಡಗು

ನಿವೃತ್ತರಾಗುವವರ ಪಿಂಚಣಿ ಕಾಗದಗಳು ನನ್ನ ಮೇಜನ್ನು ದಾಟಿಯೇ ಹೋಗಬೇಕು. "ಮುಂದೇನು, ಸಾರ್?" ಎಂದು ಹಿರಿಯರನ್ನು ಕೇಳಿದರೆ ಬಹುಮಂದಿಯ ಉತ್ತರ ಒಂದೇ: "ಇನ್ನೇನಪ್ಪ, ವಿಶ್ರಾಂತಿ." ವಿಶ್ರಾಂತಿಯೆಂಬುದು ಹೆಚ್ಚೆಂದರೆ ಮೂರು ತಿಂಗಳಿಗೆ ಸಾಲುವ ಸರಕು. ಆಮೇಲೆ?

ಈ ಪ್ರಶ್ನೆಗೆ ತಕ್ಕ ಉತ್ತರ ಕೊಟ್ಟವನು ಹಡಗಿನ ಕಪ್ತಾನ ಜಾಶುವಾ ಸ್ಲೋಕಮ್. ಕೆನಡಾದ ನೋವಾ ಸ್ಕೋಷಿಯಾದಲ್ಲಿ 1844ರಲ್ಲಿ ಹುಟ್ಟಿ, ಹಾಯಿಹಡಗುಗಳಲ್ಲೇ ಬೆಳೆದವನು. ಉಗಿಹಡಗುಗಳು ಬಂದು ಹಾಯಿಯವರ ಅನ್ನ ಕಿತ್ತುಕೊಂಡವು. ಐವತ್ತು ತುಂಬುವ ಮೊದಲೇ ನಿವೃತ್ತಿಯು ಅವನನ್ನು ಕೇಳದೆಯೇ ಬಂದು ಬಾಗಿಲು ತಟ್ಟಿತು.

1892ರಲ್ಲಿ ಹಳೆಯ ಪರಿಚಯದ ಕಪ್ತಾನನೊಬ್ಬ ಅವನಿಗೊಂದು ಹಡಗು ಕೊಡಲು ಮುಂದೆ ಬಂದ. ಒಂದಿಷ್ಟು ರಿಪೇರಿ ಬೇಕು, ಅಷ್ಟೆ ಎಂದ. ಅಮೆರಿಕದ ಫೇರ್‌ಹೇವನ್ ಎಂಬ ಊರಿಗೆ ಹೋಗಿ ನೋಡಿದರೆ 'ಸ್ಪ್ರೇ' ಎಂಬ ಆ ಹಡಗು ನೀರಿನಲ್ಲಿರಲಿಲ್ಲ, ಹೊಲದಲ್ಲಿತ್ತು! ಆನಿಕೆ ಕೊಟ್ಟು, ಮೇಲೆ ಕ್ಯಾನ್‌ವಾಸ್ ಹೊದಿಸಿ, ಏಳು ವರ್ಷಗಳಿಂದ ಹಾಗೆಯೇ ಬಿಟ್ಟಿದ್ದರು. ಒಡೆದು ಮಾರಲು ಬಂದನೆಂದು ಊರವರು ತಿಳಿದರು. ಇಲ್ಲ, ಕಟ್ಟಲು ಬಂದವನೆಂದು ತಿಳಿದ ಮೇಲೆ ಅವರು ಕೇಳಿದ್ದು ಇಷ್ಟೆ: ಇದರಿಂದ ಗಿಟ್ಟುತ್ತದೆಯೇ?

ಗುಮಾಸ್ತನಾದ ನನಗೆ ಬಲು ಪ್ರಿಯವಾದ ಪ್ರಶ್ನೆ! ಲೆಕ್ಕ ಹೀಗಿದೆ: ಸಾಮಾನಿನ ಖರ್ಚು 553 ಡಾಲರು 62 ಸೆಂಟು, ಸ್ವಂತ ದುಡಿಮೆ 13 ತಿಂಗಳು. ಸಮೀಪದಲ್ಲೇ ಓಕ್ ಮರ ಕಡಿದು ಹಡಗಿನ ಬೆನ್ನುಮರ ಮಾಡಿದ. ಪಕ್ಕೆಲುಬಿನ ಮರಗಳನ್ನು, ನಾವು ಕಡುಬು ಬೇಯಿಸುವಂತೆ, ಹಬೆಯಲ್ಲಿ ಬೇಯಿಸಿ ಮೆತ್ತಗಾದಾಗ ಬಗ್ಗಿಸಿದ. ಒಂದೂವರೆ ಅಂಗುಲ ದಪ್ಪದ ಪೈನ್ ಹಲಗೆ ಹೊಡೆದು, ಸಂದುಗಳಿಗೆ ಹತ್ತಿಯನ್ನೂ ನಾರನ್ನೂ ಗಿಡಿದ. ಹೀಗೆ ಒಂದೊಂದಾಗಿ ಎಲ್ಲವೂ ಹೊಸದಾದರೂ ಹಡಗು ಮಾತ್ರ ಅದೇ 'ಸ್ಪ್ರೇ'.

36 ಅಡಿ 9 ಅಂಗುಲ ಉದ್ದದ ಆ ಹಡಗಿನಲ್ಲಿ 1895ರ ಏಪ್ರಿಲ್ 24ರಂದು ಬೋಸ್ಟನ್ನಿನಿಂದ ಒಬ್ಬನೇ ಹೊರಟ. ಒಳ್ಳೆಯ ಗಡಿಯಾರದ ರಿಪೇರಿಗೆ 15 ಡಾಲರು ಬೇಕಾಗುತ್ತಿತ್ತು. ಅದನ್ನು ಬಿಟ್ಟು, ಮುಖ ಒಡೆದ ತಗಡಿನ ಗಡಿಯಾರವೊಂದನ್ನು ಒಂದು ಡಾಲರಿಗೆ ಕೊಂಡ. ಅಲ್ಲೇ ಅಡುಗೆ, ಅಲ್ಲೇ ಓದು, ಅಲ್ಲೇ ನಿದ್ದೆ. 46,000 ಮೈಲಿ ಸುತ್ತಿ 1898ರ ಜೂನ್ 27ರಂದು ಅಮೆರಿಕದ ನ್ಯೂಪೋರ್ಟ್ ಸೇರಿದ. ಭೂಮಿಯನ್ನು ಹಾಯಿಯಲ್ಲಿ ಒಬ್ಬಂಟಿಯಾಗಿ ಸುತ್ತಿದವರಲ್ಲಿ ಅವನೇ ಮೊದಲಿಗ.

ಆದರೆ ವಾಚಕರೇ, ಆ ಕೈಚಳಕ ನಿವೃತ್ತಿಯಾದ ಮರುದಿನ ಬಂದುದಲ್ಲ. ಅದಕ್ಕೆ ಮೊದಲೇ, ಬ್ರೆಜಿಲ್ ತೀರದಲ್ಲಿ ಹಡಗು ಒಡೆದಾಗ, 35 ಅಡಿಯ ದೋಣಿಯೊಂದನ್ನು ಕಟ್ಟಿ, 1888ರಲ್ಲಿ ಹೆಂಡತಿ, ಇಬ್ಬರು ಗಂಡುಮಕ್ಕಳೊಡನೆ ಅದರಲ್ಲೇ ಅಮೆರಿಕಕ್ಕೆ ಮರಳಿದ್ದವನು ಅವನು.

ಇಂಥ ಹಡಗು ನಮ್ಮಲ್ಲಿ ಅನೇಕರಿಗೆ ಉಂಟು: ಊರಿನಲ್ಲಿ ಹೆಂಚು ಜಾರಿದ ಹಿರಿಯರ ಮನೆ. ನಿವೃತ್ತಿಯ ಬಳಿಕ ದುರಸ್ತಿ ಮಾಡಿಸಿ ಅಲ್ಲೇ ಇರೋಣವೆನ್ನುತ್ತೇವೆ. ಮೂವತ್ತು ವರ್ಷ ಬೀಗ ಜಡಿದಿಟ್ಟ ಮನೆ ಅಷ್ಟು ದಿನ ಕಾದೀತೇ? ಕಾದರೂ, ಅರವತ್ತರಲ್ಲಿ ಮೊದಲ ಸಲ ಸುತ್ತಿಗೆ ಹಿಡಿದ ಕೈ ನಡುಗದೇ ಇದ್ದೀತೇ? ಬರುವ ರಜೆಯಲ್ಲಿ ಮಕ್ಕಳನ್ನೂ ಕರೆದೊಯ್ದು ನಾಲ್ಕು ಹೆಂಚು ಹೊದಿಸಿ ಬನ್ನಿ. ಮುಂದಿನ ರಜೆಗೆ ಒಂದು ಕಿಟಕಿ ಸರಿಮಾಡಿ. ಹೆಂಚು ಹೊಸದಾದರೇನು, ಮನೆ ಅಜ್ಜನದೇ.

ನನ್ನ ಸರದಿಗೆ ಇನ್ನೂ ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿವೆ. ಮೊನ್ನೆ ಒಂದು ಉಳಿ, ಒಂದು ಸುತ್ತಿಗೆ ಕೊಂಡು ತಂದೆ. ಗಿಟ್ಟುತ್ತದೆಯೇ ಎಂದು ಮನೆಯಾಕೆ ಆಗಲೇ ಕೇಳಿಯಾಗಿದೆ.