ಸಾಲ ಮಂಜೂರು ಮಾಡುವ ಕಡೆಯೂ ಹೆಣ್ಣುಮಕ್ಕಳು ಕೂಡಲಿ

ಹುಕ್ಕೇರಿ, ಗೋಕಾಕ, ಮೂಡಲಗಿ ತಾಲ್ಲೂಕುಗಳ ಸಹಕಾರ ಸಂಘ, ಬ್ಯಾಂಕುಗಳ ಷೇರುದಾರ ಬಂಧುಗಳೇ,

1969ರಲ್ಲೇ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಕಟ್ಟಿಕೊಂಡು ಮನೆಮನೆಗೆ ಕರೆಂಟು ಕೊಟ್ಟ ಊರು ಹುಕ್ಕೇರಿ. ಕೂಡಿ ದುಡಿಯುವುದನ್ನು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಹಾಗಿದ್ದೂ ನಮ್ಮ ಪತ್ತಿನ ಸಂಘಗಳಲ್ಲಿ ಸಾಲದ ಅರ್ಜಿ ನೋಡಿ ತೀರ್ಮಾನಿಸುವವರಲ್ಲಿ ಮಹಿಳೆಯರೆಷ್ಟು, ದಲಿತರೆಷ್ಟು ಎಂದು ಯಾರೂ ಕೇಳುವುದಿಲ್ಲ. ಇದು ನ್ಯಾಯದ ಪ್ರಶ್ನೆ. ಅಷ್ಟೇ ಅಲ್ಲ, ನಮ್ಮ ಠೇವಣಿಯ, ಲಾಭಾಂಶದ ಪ್ರಶ್ನೆಯೂ ಹೌದು.

ಸಾಲ ಮುಳುಗುವುದು ಬಹಳ ಸಲ ಸಾಲಗಾರನ ಮನೆಯ ಲೆಕ್ಕ ಗೊತ್ತಿಲ್ಲದೆ. ಉತಾರ ಗಂಡನ ಹೆಸರಿನಲ್ಲಿ, ಕಬ್ಬಿನ ಬಿಲ್ಲು ಬರುವುದು ಕಾರ್ಖಾನೆ ಕೊಟ್ಟಾಗ. ಎಮ್ಮೆ ಕಟ್ಟಿ ಹಾಲು ಹಾಕುವ ಹೆಂಡತಿಗೆ ದುಡ್ಡು ಬರುವುದು ವಾರ–ಹತ್ತು ದಿನಕ್ಕೊಮ್ಮೆ. ಕಂತು ಕಟ್ಟಲು ಆಸರೆಯಾಗುವ ಈ ಹಣ ಉತಾರ ನೋಡಿಯೇ ಸಾಲ ಕೊಡುವವರ ಕಣ್ಣಿಗೆ ಬೀಳುವುದಿಲ್ಲ. ಮೈರಾಡದಂಥ ಸಂಸ್ಥೆಗಳು ಕರ್ನಾಟಕದ ಹಳ್ಳಿಗಳಲ್ಲಿ ಕಟ್ಟಿದ ಗುಂಪುಗಳ ಅನುಭವ ನೋಡಿಯೇ ನಬಾರ್ಡ್ 1992ರಲ್ಲಿ ಸ್ವಸಹಾಯ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸಿತು. ಅಲ್ಲಿ ಯಾರಿಗೆ ಎಷ್ಟು ಸಾಲ ಎಂದು ನಿರ್ಧರಿಸುವವರು ಗುಂಪಿನ ಹೆಂಗಸರೇ. ನಮ್ಮ ಘಟಪ್ರಭಾದಲ್ಲಿ ಮಾಜಿ ದೇವದಾಸಿಯರು 1997ರಲ್ಲಿ ‘ಮಾಸ್’ ಸಂಸ್ಥೆ ಕಟ್ಟಿ ತಾವೇ ನಡೆಸಿದರು. ಅದನ್ನು ಮುನ್ನಡೆಸಿದ ಸೀತವ್ವ ಜೋಡಟ್ಟಿಯವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಇಂಥವರಿಗೆ ಆಡಳಿತ ತಿಳಿಯದು ಎಂದು ಇನ್ನು ಯಾರು ಹೇಳಬೇಕು?

ಅದೇ 2018ರಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಅಧ್ಯಯನವೊಂದು, ಆಡಳಿತ ಮಂಡಳಿಯಲ್ಲಿ ಮಹಿಳೆಯರು ಹೆಚ್ಚಿದ್ದ ಬ್ಯಾಂಕುಗಳಲ್ಲಿ ವಸೂಲಾಗದ ಸಾಲ ಕಡಿಮೆ, ಬಂಡವಾಳ ಗಟ್ಟಿ ಎಂದು ಕಂಡುಕೊಂಡಿತು. ಚೆನ್ನಾಗಿ ನಡೆಯುವ ಬ್ಯಾಂಕೇ ಮಹಿಳೆಯರನ್ನು ಸೇರಿಸಿಕೊಂಡಿರಬಹುದಲ್ಲ ಎಂದು ಕೇಳುವವರಿದ್ದಾರೆ. ತಳ್ಳಿಹಾಕುವ ಮಾತಲ್ಲ ಅದು. ಬರೀ ತಲೆ ಎಣಿಸಿದರೆ ಸುಸ್ತಿ ಬಾಕಿ ಇಳಿಯುವುದಿಲ್ಲ. ಬೇರೆ ಓಣಿ, ಬೇರೆ ಕಸುಬು ಬಲ್ಲವರು ಸಾಲ ಸಮಿತಿಯಲ್ಲಿ ಬಾಯಿ ಬಿಟ್ಟು ಪ್ರಶ್ನೆ ಕೇಳಿದಾಗ ಮಾತ್ರ ಇಳಿದೀತು. ಮಹಿಳೆಯರಿಗೆ ಮೀಸಲು ಸ್ಥಾನ ಇದೆಯಲ್ಲ ಎನ್ನುವವರಿಗೂ ಇದೇ ಉತ್ತರ: ಸಹಿಗಷ್ಟೇ ಬೇಕೆಂದು ಮುಖಂಡರ ಮನೆಯವರನ್ನು ಕೂರಿಸಿದರೆ ಮಂಡಳಿಗೆ ಹೊಸ ಕಣ್ಣು ಬರುವುದಿಲ್ಲ. ಇನ್ನು ಸಿಬ್ಬಂದಿ ನೇಮಕದಲ್ಲಿ ಅರ್ಹತೆಯ ಮಾತು. ಪರೀಕ್ಷೆ ಎಲ್ಲರಿಗೂ ಒಂದೇ ಇರಲಿ, ನೇಮಕಾತಿಯ ಸುದ್ದಿ ಮಾತ್ರ ನಿರ್ದೇಶಕರ ಬೀಗರಿಗಷ್ಟೇ ಅಲ್ಲ, ಎಲ್ಲ ಓಣಿಗಳಿಗೂ ಮುಟ್ಟಲಿ.

ಮುಂದಿನ ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಕೇಳಿ: ಸುಸ್ತಿ ಬಾಕಿಯ ಲೆಕ್ಕದ ಪಕ್ಕದಲ್ಲೇ ಸಿಬ್ಬಂದಿಯಲ್ಲಿ, ಸಾಲ ಸಮಿತಿಯಲ್ಲಿ ಮಹಿಳೆಯರು ಮತ್ತು ಪರಿಶಿಷ್ಟರು ಎಷ್ಟಿದ್ದಾರೆಂದು ವರದಿಯಲ್ಲಿ ಅಚ್ಚು ಹಾಕಿಸಿ.