ಕಲ್ಲು ಹೋಯ್ತು, ನಳಿಗೆ ಉಳೀತು!

ಕಿಡ್ನಿ ಸ್ಟೋನ್ ಆಪರೇಷನ್ ಮುಗಿಸ್ಕೊಂಡು ಮನೆಗೆ ಬಂದು ಇವತ್ತಿಗೆ ಒಂಬತ್ತು ದಿನ. "ಹೊಟ್ಟೆ ಕೊಯ್ಯೋದಿಲ್ಲ, ಲೇಸರ್‌ನಲ್ಲಿ ಕಲ್ಲು ಪುಡಿ ಮಾಡ್ತೀವಿ, ಎರಡೇ ದಿನದಲ್ಲಿ ಆರಾಮ" ಅಂದಿದ್ರು. ಕಲ್ಲು ಹೋಗಿದ್ದೇನೋ ನಿಜ. ಆದ್ರೆ ಒಳಗೊಂದು ಸ್ಟೆಂಟ್ ಬಿಟ್ಟಿದ್ದಾರಲ್ಲ, ಅದರ ಕಾಟ ಯಾರಿಗೂ ಬೇಡ ಮಾರಾಯ್ರೆ!

ಸ್ಟೆಂಟ್ ಅಂದ್ರೆ ಎರಡೂ ತುದಿ ಸುರುಳಿ ಸುತ್ತಿಕೊಂಡ ತೆಳು ನಳಿಗೆ. ಒಂದು ತುದಿ ಕಿಡ್ನಿಯಲ್ಲಿ, ಇನ್ನೊಂದು ಮೂತ್ರಕೋಶದಲ್ಲಿ. ಒಳಗೆ ಊತ ಇಳಿಯೋತನಕ ದಾರಿ ಕಟ್ಟಿಕೊಳ್ಳದ ಹಾಗೆ ನೋಡಿಕೊಳ್ಳತ್ತೆ. ಉಪಕಾರಿಯೇ, ಇಲ್ಲ ಅನ್ನಲ್ಲ. ಆದ್ರೆ ಗಳಿಗೆಗೊಮ್ಮೆ ಬಚ್ಚಲಿಗೆ ಓಡಿಸತ್ತೆ. ಮೂತ್ರ ಮಾಡುವಾಗ ಪಕ್ಕೆಯಲ್ಲಿ ಚಳುಕು. ಸ್ವಲ್ಪ ಜಾಸ್ತಿ ಓಡಾಡಿದ್ರೆ ಮೂತ್ರಕ್ಕೆ ಕೆಂಪು ಬಣ್ಣ. ಇದೆಲ್ಲ ಸಾಮಾನ್ಯವಂತೆ. ಸಾಮಾನ್ಯ ಅಂತ ಮೊದಲೇ ಹೇಳಿದ್ರೆ ಏನು ಗಂಟು ಹೋಗ್ತಿತ್ತು?

ನಾನೇನೋ ಇಂಗ್ಲಿಷ್ ಓದಿ ಅರ್ಥ ಮಾಡ್ಕೊಂಡೆ. ವಾರ್ಡಿನಲ್ಲಿ ನನ್ನ ಪಕ್ಕದ ಮಂಚದಲ್ಲಿ ಹಳ್ಳಿಯ ಯಜಮಾನರೊಬ್ಬರಿದ್ರು. ಅವರಿಗೂ ಸ್ಟೆಂಟ್ ಹಾಕಿದ್ರು. ಕೈಗೆ ಮೂರು ಪುಟದ ಇಂಗ್ಲಿಷ್ ಕಾಗದ ಕೊಟ್ಟು ಕಳಿಸಿದ್ರು. "ಕಲ್ಲು ತೆಗುದ್ರಲ್ಲ ಸಾರ್, ಇನ್ನೇನು ಇತ್ಲಾಗೆ ಬರಂಗಿಲ್ಲ ಬಿಡಿ" ಅಂತ ಖುಷಿಯಾಗಿ ಹೊರಟಿದ್ರು. ನಾನು ತಡೆದು, ಆ ಕಾಗದದ ಹಿಂದೆ ಸ್ಟೆಂಟ್ ತೆಗೆಸೋ ತಾರೀಕನ್ನ ಕನ್ನಡದಲ್ಲಿ ದಪ್ಪಗೆ ಬರೆದುಕೊಟ್ಟೆ.

ಇದು ಸಣ್ಣ ವಿಷಯ ಅಲ್ಲ ಕಣ್ರೀ. ಸ್ಟೆಂಟ್ ತಾನಾಗಿ ಕರಗಲ್ಲ. ತಿಂಗಳುಗಟ್ಟಲೆ ಮರೆತು ಬಿಟ್ರೆ ಅದರ ಮೇಲೇ ಉಪ್ಪು ಕಟ್ಟಿ ಕಲ್ಲು ಬೆಳೆಯತ್ತೆ. ಸೋಂಕಾಗತ್ತೆ. ಕೊನೆಗೆ ಕಿಡ್ನಿಯೇ ಹಾಳಾಗಬಹುದು. ಕಲ್ಲಿನಿಂದ ಉಳಿದ ಕಿಡ್ನಿ ಅರ್ಥವಾಗದ ಕಾಗದದಿಂದ ಹೋಗಬೇಕಾ?

ಡಾಕ್ಟರು ಹೇಳದೆ ಬಿಟ್ಟ ಜಾಗವನ್ನ ನೆಂಟರು ತುಂಬ್ತಾರೆ. ನಮ್ಮನೆಗೆ ಬಂದವರೆಲ್ಲ "ಹಾಲು ಮೊಸರು ಬಿಟ್ಬಿಡು" ಅನ್ನೋರೇ. ಅಸಲಿಗೆ ಊಟದಲ್ಲಿನ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನ ಹಿಡಿದುಕೊಳ್ಳತ್ತೆ. ಹಾಗಾಗಿ ಹಾಲು ಬಿಡೋದಕ್ಕಿಂತ ಉಪ್ಪಿನಕಾಯಿ, ಹಪ್ಪಳ ಕಮ್ಮಿ ಮಾಡೋದು ಒಳ್ಳೇದು. ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ನೀರು ಕುಡೀಬೇಕು.

ಆಸ್ಪತ್ರೆಯವರು ಬಿಲ್ಲಿಗೆ ಅಷ್ಟೊಂದು ಹಾಳೆ ಖರ್ಚು ಮಾಡ್ತಾರೆ. ಅದರ ಜೊತೆ ಕನ್ನಡದಲ್ಲಿ ಒಂದೇ ಒಂದು ಹಾಳೆ ಕೊಡಲಿ. ಒಳಗೆ ಸ್ಟೆಂಟ್ ಇದೆ, ಇಂಥ ದಿನ ತೆಗೆಸಬೇಕು. ಚಳಿಜ್ವರ ಬಂದ್ರೆ, ಮೂತ್ರ ಕಟ್ಟಿದ್ರೆ, ರಕ್ತದ ಗಡ್ಡೆ ಹೋದ್ರೆ ತಕ್ಷಣ ಬನ್ನಿ. ಇಷ್ಟೇ ಸಾಕು. ಅವರು ಕೊಡೋತನಕ, ನಿಮ್ಮ ಕಡೆಯವರು ಯಾರಾದ್ರೂ ಡಿಸ್ಚಾರ್ಜ್ ಆದ್ರೆ ಬಾಗಿಲಲ್ಲೇ ನಿಂತು ಕೇಳಿ: "ಒಳಗೇನಾದ್ರೂ ಬಿಟ್ಟಿದೀರಾ? ಯಾವಾಗ ತೆಗೀತೀರಾ?"