ಮಂಡಿ ಬದಲಾವಣೆ: ಆಸ್ಪತ್ರೆಗೆ ಮುನ್ನ ಮನೆಯ ಸಿದ್ಧತೆ

ಅರುವತ್ತು ದಾಟಿದ ಹಿರಿಯರಿರುವ ಮನೆಗಳಲ್ಲಿ ಮಂಡಿನೋವಿನ ಮಾತು ಬಾರದ ದಿನ ಅಪರೂಪ. ಎಣ್ಣೆ ತಿಕ್ಕಿ, ಶಾಖ ಕೊಟ್ಟು, ಗುಳಿಗೆ ನುಂಗಿ, ಚುಚ್ಚುಮದ್ದು ಹಾಕಿಸಿಕೊಂಡು ವರ್ಷಗಳನ್ನು ತಳ್ಳಿದ ಮೇಲೆ ಒಂದು ದಿನ ವೈದ್ಯರು, ‘ಇನ್ನು ಮಂಡಿ ಬದಲಾಯಿಸುವುದೇ ಮಾರ್ಗ’ ಎನ್ನುತ್ತಾರೆ. ಆಗ ಮನೆಯಲ್ಲಿ ಏಳುವ ಪ್ರಶ್ನೆಗಳು ಸಾಮಾನ್ಯವಾಗಿ ಎರಡೇ: ಎಷ್ಟು ಖರ್ಚಾದೀತು? ಯಾವ ಆಸ್ಪತ್ರೆ ಒಳ್ಳೆಯದು? ಎರಡೂ ಕೇಳಲೇಬೇಕಾದ ಪ್ರಶ್ನೆಗಳು. ಆದರೆ ಅವುಗಳಷ್ಟೇ ಮುಖ್ಯವಾದ ಮೂರನೆಯ ಪ್ರಶ್ನೆಯನ್ನು ಕೇಳುವವರು ವಿರಳ: ಆಸ್ಪತ್ರೆಯಿಂದ ಮರಳಿದ ಮೇಲಿನ ಮೂರು ತಿಂಗಳು ನಮ್ಮ ಮನೆ ಹೇಗೆ ನಡೆಯಬೇಕು?

ಶಸ್ತ್ರಚಿಕಿತ್ಸೆ ಒಂದೆರಡು ಗಂಟೆಗಳಲ್ಲಿ ಮುಗಿಯುತ್ತದೆ. ವೈದ್ಯರು ಹೊಸ ಕೀಲನ್ನು ಕೊಡುತ್ತಾರೆ. ಆ ಕೀಲನ್ನು ಮಡಿಸಿ, ಚಾಚಿ, ಅದರ ಮೇಲೆ ದೇಹದ ಭಾರ ಹೊತ್ತು ನಡೆಯುವ ಕಾಲನ್ನು ಮಾತ್ರ ರೋಗಿಯೂ ಮನೆಯವರೂ ಸೇರಿ ರೂಪಿಸಬೇಕಾಗುತ್ತದೆ. ಈ ಸಂಚಿಕೆಯಲ್ಲಿ ಆ ಸಿದ್ಧತೆಯ ಕುರಿತು ವಿಚಾರ ಮಾಡೋಣ.

ಬದಲಾಗುವುದು ಏನು?

‘ಮಂಡಿ ಬದಲಾವಣೆ’ ಎಂದೊಡನೆ ಇಡೀ ಮೊಣಕಾಲನ್ನು ಕತ್ತರಿಸಿ ತೆಗೆಯುತ್ತಾರೆಂದು ಅಂಜುವವರುಂಟು. ವಾಸ್ತವವಾಗಿ ತೊಡೆಮೂಳೆಯ ಕೆಳತುದಿ ಹಾಗೂ ಕಣಕಾಲಿನ ಮೂಳೆಯ ಮೇಲ್ತುದಿಗಳಲ್ಲಿ ಸವೆದ ಮೇಲ್ಪದರವನ್ನು ಮಾತ್ರ, ಒಂದು ಸೆಂಟಿಮೀಟರಿನಷ್ಟು ದಪ್ಪದಲ್ಲಿ ತೆಗೆದು, ಆ ಸ್ಥಳದಲ್ಲಿ ಲೋಹದ ಹೊದಿಕೆಯನ್ನು ಕೂರಿಸುತ್ತಾರೆ. ಎರಡು ಲೋಹಗಳ ನಡುವೆ ಗಟ್ಟಿಯಾದ ಪಾಲಿಥಿಲೀನ್ ಬಿಲ್ಲೆಯೊಂದು ಕುಳಿತು, ಸವೆದುಹೋದ ಮೃದ್ವಸ್ಥಿಯ ಕೆಲಸವನ್ನು ನಿರ್ವಹಿಸುತ್ತದೆ. ಸುತ್ತಲಿನ ಸ್ನಾಯುಗಳು ನಮ್ಮವೇ ಆಗಿ ಉಳಿಯುತ್ತವೆ. ಆದುದರಿಂದಲೇ ಅವುಗಳ ಬಲಾಬಲವು ಮುಂದಿನ ನಡಿಗೆಯನ್ನು ನಿರ್ಧರಿಸುತ್ತದೆ.

ಇದು ಪ್ರಯೋಗದ ಹಂತದಲ್ಲಿರುವ ಚಿಕಿತ್ಸೆಯಲ್ಲ. ಇಂದಿನ ಕೃತಕ ಮಂಡಿಗಳ ಮೂಲ ಮಾದರಿಯು 1974ರಲ್ಲಿ ನ್ಯೂಯಾರ್ಕಿನಲ್ಲಿ ಬಳಕೆಗೆ ಬಂದಿತು. ಅದನ್ನು ರೂಪಿಸಿದವರ ಪೈಕಿ ಭಾರತೀಯ ಮೂಲದ ಡಾ. ಚಿತ್ತರಂಜನ್ ರಾಣಾವತ್ ಒಬ್ಬರು. ಪ್ರಧಾನಿಯಾಗಿದ್ದಾಗಲೇ ಅಟಲ್ ಬಿಹಾರಿ ವಾಜಪೇಯಿಯವರು 2000ದ ಅಕ್ಟೋಬರಿನಲ್ಲಿ ಎಡಮಂಡಿಗೂ 2001ರ ಜೂನ್‌ನಲ್ಲಿ ಬಲಮಂಡಿಗೂ ಮುಂಬಯಿಯಲ್ಲಿ ಇವರಿಂದಲೇ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. 2004ರವರೆಗೂ ಅಧಿಕಾರ ನಿರ್ವಹಿಸಿದರು. 2019ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಪೂರ್ಣ ಬದಲಾಯಿಸಿದ ನೂರು ಮಂಡಿಗಳಲ್ಲಿ ಸುಮಾರು 82 ಮಂಡಿಗಳು 25 ವರ್ಷ ಬಾಳುತ್ತವೆ.

ಆದರೆ ಮತ್ತೊಂದು ಮಾತನ್ನೂ ಮರೆಮಾಚಬಾರದು. ಈ ಶಸ್ತ್ರಚಿಕಿತ್ಸೆಗೆ ಒಳಗಾದವರಲ್ಲಿ ಸುಮಾರು ಐವರಲ್ಲಿ ಒಬ್ಬರು ಫಲಿತಾಂಶದಿಂದ ಪೂರ್ಣ ತೃಪ್ತರಾಗುವುದಿಲ್ಲ. ಇದಕ್ಕೆ ಕಾರಣಗಳು ಹಲವಿವೆ. ನಿರೀಕ್ಷೆ ಸರಿಯಾಗಿರದಿರುವುದು ಅವುಗಳಲ್ಲಿ ಒಂದು ದೊಡ್ಡ ಕಾರಣ. ಇಪ್ಪತ್ತರ ಹರೆಯದ ಮಂಡಿ ಮರಳಿ ಬಾರದು. ನೋವಿಲ್ಲದೆ ನಡೆದಾಡುವ, ರಾತ್ರಿ ನೆಮ್ಮದಿಯಾಗಿ ಮಲಗುವ ಮಂಡಿ ಬರಬಹುದು.

ಅವಸರವೂ ಬೇಡ, ಅತಿ ವಿಳಂಬವೂ ಬೇಡ

ಎಕ್ಸರೇ ಚಿತ್ರದಲ್ಲಿ ಸವೆತ ಕಂಡಿತೆಂಬ ಒಂದೇ ಕಾರಣಕ್ಕೆ ಶಸ್ತ್ರಚಿಕಿತ್ಸೆಗೆ ಧಾವಿಸಬೇಕಿಲ್ಲ. ತೂಕ ಇಳಿಸುವುದು, ತೊಡೆಯ ವ್ಯಾಯಾಮ, ಔಷಧ ಇವುಗಳಿಂದ ದಿನಚರಿ ಸಾಗುತ್ತಿದ್ದರೆ ಕಾಯಬಹುದು. ಆದರೆ ನೋವಿನಿಂದ ನಿದ್ರೆ ಕೆಟ್ಟು, ಮನೆಯೊಳಗಿನ ಓಡಾಟವೂ ಕುಗ್ಗಿ, ಕಾಲು ನೆಟ್ಟಗಾಗದೆ ಬಾಗುತ್ತ ಬಂದಿದ್ದರೆ ಮುಂದೂಡುವುದು ಹಿತವಲ್ಲ. ಬಾಗಿ ನಿಂತ ಕಾಲು, ಸೊರಗಿದ ತೊಡೆ ಇವೆರಡೂ ಚೇತರಿಕೆಯನ್ನು ಕಠಿಣಗೊಳಿಸುತ್ತವೆ. ‘ಮಗಳ ಮದುವೆ ಆಗಲಿ, ಮೊಮ್ಮಗನ ನಾಮಕರಣ ಆಗಲಿ’ ಎಂದು ತಮ್ಮ ನೋವನ್ನು ಹಿಂದಕ್ಕೆ ಸರಿಸುವ ತಾಯಂದಿರ ವಿಷಯದಲ್ಲಿ ಮನೆಯವರೇ ಮುಂದಾಗಿ ಕೇಳಬೇಕು.

ಎರಡೂ ಮಂಡಿಗಳನ್ನು ಒಮ್ಮೆಲೇ ಬದಲಾಯಿಸುವುದು ಕೆಲವರಿಗೆ ಅನುಕೂಲ. ಆದರೆ ಹೃದಯ, ಶ್ವಾಸಕೋಶಗಳ ಮೇಲೆ ಅದರ ಭಾರ ಹೆಚ್ಚು. ಅದು ತಮಗೆ ಹೊಂದುವುದೇ ಎಂಬುದನ್ನು ವೈದ್ಯರೊಡನೆ ಕುಳಿತು ತೀರ್ಮಾನಿಸಬೇಕು. ಖರ್ಚಿನ ಉಳಿತಾಯವೊಂದೇ ಅದಕ್ಕೆ ಕಾರಣವಾಗಬಾರದು.

ದೇಹದ ಸಿದ್ಧತೆ

ಕೃತಕ ಕೀಲಿಗೆ ಬಹು ದೊಡ್ಡ ಶತ್ರುವೆಂದರೆ ಸೋಂಕು. ಹುಳುಕು ಹಲ್ಲು, ಮೂತ್ರದ ಉರಿ, ಕಾಲಿನ ಹುಣ್ಣು, ಹಿಮ್ಮಡಿಯ ಬಿರುಕು ಇವೆಲ್ಲ ರೋಗಾಣುಗಳಿಗೆ ಬಾಗಿಲು. ಶಸ್ತ್ರಚಿಕಿತ್ಸೆಗೆ ಕೆಲವು ವಾರಗಳ ಮುಂಚೆಯೇ ಅವುಗಳಿಗೆ ಚಿಕಿತ್ಸೆ ಆಗಿರಬೇಕು. ಮಧುಮೇಹಿಗಳು ಮೂರು ತಿಂಗಳ ಸರಾಸರಿ ಸಕ್ಕರೆಯ ಪರೀಕ್ಷೆ ಮಾಡಿಸಿ, ಅದು ಹತೋಟಿಗೆ ಬಂದ ಮೇಲೆಯೇ ದಿನಾಂಕ ಗೊತ್ತುಮಾಡುವುದು ಲೇಸು. ರಕ್ತಹೀನತೆಯಿದ್ದರೆ ಮೊದಲೇ ಸರಿಪಡಿಸಬೇಕು. ಬೀಡಿ, ಸಿಗರೇಟು, ತಂಬಾಕಿನ ಅಭ್ಯಾಸವುಳ್ಳವರು ಕನಿಷ್ಠ ನಾಲ್ಕು ವಾರ ಮೊದಲು ಅದನ್ನು ಬಿಡಬೇಕು. ಇಲ್ಲವಾದರೆ ಗಾಯ ಮಾಯುವುದು ತಡವಾಗುತ್ತದೆ. ಮಂಡಿಗೆ ಸ್ಟೀರಾಯ್ಡ್ ಚುಚ್ಚುಮದ್ದು ತೆಗೆದುಕೊಂಡು ಮೂರು ತಿಂಗಳಾಗಿರದಿದ್ದರೆ ಶಸ್ತ್ರಚಿಕಿತ್ಸಕರಿಗೆ ತಿಳಿಸಲೇಬೇಕು. ಆ ಅವಧಿಯೊಳಗಿನ ಶಸ್ತ್ರಚಿಕಿತ್ಸೆಯಲ್ಲಿ ಸೋಂಕಿನ ಸಂಭವ ಹೆಚ್ಚು.

ನುಂಗುತ್ತಿರುವ ಎಲ್ಲ ಔಷಧಗಳನ್ನೂ, ನಾಟಿ ಹಾಗೂ ಆಯುರ್ವೇದದ ಔಷಧಗಳನ್ನು ಬಿಡದೆ, ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ರಕ್ತ ತೆಳುಗೊಳಿಸುವ ಗುಳಿಗೆ, ಸಕ್ಕರೆಯ ಗುಳಿಗೆಗಳಲ್ಲಿ ಯಾವುದನ್ನು ಯಾವಾಗ ನಿಲ್ಲಿಸಬೇಕು, ಯಾವುದನ್ನು ಮುಂದುವರಿಸಬೇಕು ಎಂಬುದನ್ನು ವೈದ್ಯರೇ ಹೇಳಬೇಕು. ನೆರೆಯವರ ಅನುಭವ ಇಲ್ಲಿ ಪ್ರಮಾಣವಾಗಲಾರದು.

ಇನ್ನು ವ್ಯಾಯಾಮ. ಮಲಗಿ ಕಾಲು ಚಾಚಿ, ಮಂಡಿಯನ್ನು ಹಾಸಿಗೆಗೆ ಒತ್ತಿ ತೊಡೆಯನ್ನು ಬಿಗಿಹಿಡಿದು ಐದು ಎಣಿಸಿ ಬಿಡುವುದು. ಕಾಲನ್ನು ನೆಟ್ಟಗಿರಿಸಿ ಗೇಣುದ್ದ ಎತ್ತಿ ಇಳಿಸುವುದು. ಪಾದಗಳನ್ನು ಮೇಲೆ ಕೆಳಗೆ ಆಡಿಸುವುದು. ಈ ಮೂರನ್ನು ಒಂದು ತಿಂಗಳು ಮೊದಲೇ ರೂಢಿಸಿಕೊಂಡವರಿಗೆ ಶಸ್ತ್ರಚಿಕಿತ್ಸೆಯ ಮರುದಿನ ಅವು ಹೊಸ ಪಾಠವಾಗುವುದಿಲ್ಲ. ವಾಕರ್ ಹಿಡಿದು ನಡೆಯುವುದನ್ನೂ ಮೊದಲೇ ಕಲಿತಿರಬೇಕು.

ಮನೆಯ ಸಿದ್ಧತೆ

ನಮ್ಮ ಬದುಕು ನೆಲಕ್ಕೆ ಅಂಟಿಕೊಂಡದ್ದು. ನೆಲದ ಮೇಲೆ ಕುಳಿತು ರೊಟ್ಟಿ ಬಡಿಯುವುದು, ಈಳಿಗೆಮಣೆಯ ಮುಂದೆ ಕುಳಿತು ಕಾಯಿಪಲ್ಲೆ ಹೆಚ್ಚುವುದು, ಪಂಕ್ತಿಯಲ್ಲಿ ಕುಳಿತು ಉಣ್ಣುವುದು, ಚಾಪೆಯ ಮೇಲೆ ಮಲಗುವುದು ಇವೆಲ್ಲ ಒಬ್ಬ ಗೃಹಿಣಿಗೆ ಐವತ್ತು ವರ್ಷಗಳ ಅಭ್ಯಾಸ. ಮಂಡಿ ಬದಲಾದ ಮೇಲೆ ಕುಕ್ಕರಗಾಲಿನಲ್ಲಿ ಕೂರುವುದನ್ನೂ ಚಕ್ಕಳಮಕ್ಕಳ ಹಾಕುವುದನ್ನೂ ಬಿಡಬೇಕೆಂದು ಬಹುಪಾಲು ವೈದ್ಯರು ಹೇಳುತ್ತಾರೆ. ಈ ಮಾತನ್ನು ಶಸ್ತ್ರಚಿಕಿತ್ಸೆಗೆ ಮುನ್ನವೇ ಮನಸ್ಸಿಗೆ ತಂದುಕೊಂಡು ಒಪ್ಪಿಕೊಳ್ಳಬೇಕು. ಆಮೇಲೆ ತಿಳಿದರೆ ಅದು ಕಳೆದುಕೊಂಡ ದುಃಖವಾಗಿ ಕಾಡುತ್ತದೆ. ನೆಲದ ಮೇಲೆ ಕುಳಿತು ಇಷ್ಟಲಿಂಗಪೂಜೆ ಮಾಡುವ ರೂಢಿಯ ಹಿರಿಯರು ಈ ಚಿಂತೆಯಿಂದಲೇ ಹಿಂಜರಿಯುವುದುಂಟು. ಲಿಂಗವು ಅಂಗೈಯಲ್ಲಿದೆ, ಕುರ್ಚಿಯ ಮೇಲೆ ಕುಳಿತು ಪೂಜಿಸಿದರೂ ನಿಷ್ಠೆಗೆ ಕೊರತೆಯಿಲ್ಲ.

ಆದುದರಿಂದ ರೊಟ್ಟಿಯ ಒಲೆಯನ್ನು ಕಟ್ಟೆಯ ಮೇಲಕ್ಕೆ ಏರಿಸಬೇಕು. ದಿನಬಳಕೆಯ ಪಾತ್ರೆಗಳು ಸೊಂಟದ ಎತ್ತರಕ್ಕೆ ಬರಬೇಕು. ಮಲಗಲು ಮಂಚ ಬೇಕು. ಕೂರಲು ಕೈಗಳುಳ್ಳ ಗಟ್ಟಿಯಾದ, ಎತ್ತರದ ಕುರ್ಚಿ ಬೇಕು. ಮೆತ್ತನೆಯ ಸೋಫಾ ಸಲ್ಲದು. ಅಟ್ಟದ ಮೇಲಿನ ಕೋಣೆಯಲ್ಲಿ ಮಲಗುವವರು ಕೆಲವು ವಾರ ಕೆಳಗೆ ಬರಬೇಕು. ಶೌಚಾಲಯದಲ್ಲಿ ಕಮೋಡ್ ಇರಲೇಬೇಕು. ಕಟ್ಟಿಸಲು ಆಗದಿದ್ದರೆ ಕಮೋಡ್ ಕುರ್ಚಿಯನ್ನಾದರೂ ತಂದಿಡಬೇಕು. ಬಚ್ಚಲುಮನೆಯ ಗೋಡೆಗೆ ಹಿಡಿಕೆ, ನೆಲಕ್ಕೆ ಜಾರದ ಹಾಸು, ಕುಳಿತು ಸ್ನಾನ ಮಾಡಲು ಸ್ಟೂಲು ಅಗತ್ಯ. ಓಡಾಡುವ ದಾರಿಯಲ್ಲಿನ ಜಮಖಾನೆ, ಕಾಲೊರೆಸುವ ಚಿಂದಿ, ತಂತಿಗಳನ್ನು ತೆಗೆದುಬಿಡಬೇಕು. ಹಳೆಯ ಮನೆಗಳ ಎತ್ತರದ ಹೊಸ್ತಿಲುಗಳನ್ನು ವಾಕರ್ ಹಿಡಿದು ದಾಟುವುದನ್ನು ಮೊದಲೇ ಅಭ್ಯಾಸ ಮಾಡಬೇಕು. ಮಂಚದಿಂದ ಶೌಚಾಲಯದವರೆಗೆ ರಾತ್ರಿಯಿಡೀ ಸಣ್ಣ ದೀಪ ಉರಿಯುತ್ತಿರಲಿ. ಬೀಳುವುದೆಂದರೆ ಮಾಡಿದ ಕೆಲಸವೆಲ್ಲ ಮಣ್ಣುಪಾಲಾಗುವುದೆಂದೇ ತಿಳಿಯಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಜನ. ಶಸ್ತ್ರಚಿಕಿತ್ಸೆಯ ದಿನ ಆಸ್ಪತ್ರೆಯ ಪಡಸಾಲೆಯಲ್ಲಿ ಹತ್ತು ಮಂದಿ ನೆರೆದಿರುತ್ತಾರೆ. ಹತ್ತನೆಯ ದಿನ, ನೋವೂ ಬೇಸರವೂ ಹೆಚ್ಚಿರುವ ಹೊತ್ತಿನಲ್ಲಿ, ಮಗ ಕಚೇರಿಗೆ, ಸೊಸೆ ಶಾಲೆಗೆ ಹೋಗಿ ಮನೆ ಬರಿದಾಗಿರುತ್ತದೆ. ಆದುದರಿಂದ ರಜೆಯನ್ನು ಹಂಚಿಕೊಳ್ಳಿ. ಮೊದಲ ಎರಡು ವಾರ ಹಗಲೂ ರಾತ್ರಿಯೂ ಒಬ್ಬರು ಜೊತೆಗಿರಬೇಕು. ಆರು ವಾರಗಳ ಅಡುಗೆ ಯಾರದು, ಔಷಧ ಕೊಡುವವರು ಯಾರು, ವ್ಯಾಯಾಮ ಮಾಡಿಸುವವರು ಯಾರು ಎಂಬುದನ್ನು ಹೆಸರು ಹಿಡಿದು ನಿಶ್ಚಯಿಸಿ. ಸುಗ್ಗಿಯ ಕಾಲ, ಮದುವೆ, ಜಾತ್ರೆಗಳ ತಿಂಗಳನ್ನು ಬಿಟ್ಟು ದಿನಾಂಕ ಆರಿಸಿಕೊಳ್ಳಿ.

ಹಣದ ಲೆಕ್ಕ

2017ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರದ ಔಷಧ ಬೆಲೆ ಪ್ರಾಧಿಕಾರವು ಕೃತಕ ಮಂಡಿಗಳಿಗೆ ಗರಿಷ್ಠ ಬೆಲೆಯನ್ನು ಗೊತ್ತುಪಡಿಸಿತು. ಅಂದು ಸಾಮಾನ್ಯ ಬಳಕೆಯ ಕೋಬಾಲ್ಟ್–ಕ್ರೋಮಿಯಂ ಮಂಡಿಗೆ ತೆರಿಗೆ ಬಿಟ್ಟು 54,720 ರೂಪಾಯಿ ನಿಗದಿಯಾಯಿತು; ಅದಕ್ಕೂ ಮೊದಲು ಅದರ ಸರಾಸರಿ ಬೆಲೆ ಒಂದೂವರೆ ಲಕ್ಷವನ್ನು ಮೀರಿತ್ತು. ಬಿಲ್ಲಿನಲ್ಲಿ ಕೀಲಿನ ಬೆಲೆ, ಶಸ್ತ್ರಚಿಕಿತ್ಸೆಯ ಶುಲ್ಕ, ಕೋಣೆಯ ಬಾಡಿಗೆ, ಔಷಧ ಇವುಗಳನ್ನು ಬೇರೆ ಬೇರೆಯಾಗಿ ಕೇಳಿ ತಿಳಿದುಕೊಳ್ಳಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ನೆರವು ತಮಗೆ ಅನ್ವಯಿಸುವುದೇ ಎಂಬುದನ್ನು ಜಿಲ್ಲಾ ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ಮೊದಲೇ ವಿಚಾರಿಸಿ. ಖಾಸಗಿ ವಿಮೆಯಿದ್ದರೆ ಕೀಲು ಬದಲಾವಣೆಗೆ ಕಾಯುವ ಅವಧಿ ಎಷ್ಟೆಂಬುದನ್ನು ಓದಿ ನೋಡಿ. ಮನೆಗೆ ಬಂದು ವ್ಯಾಯಾಮ ಮಾಡಿಸುವ ಫಿಸಿಯೋಥೆರಪಿಸ್ಟರ ಶುಲ್ಕವನ್ನು ಲೆಕ್ಕದಲ್ಲಿ ಸೇರಿಸಲು ಮರೆಯುವವರೇ ಹೆಚ್ಚು. ಆ ಹಣವನ್ನು ಮೊದಲೇ ಎತ್ತಿಡಿ.

ಮನೆಗೆ ಮರಳಿದ ಮೇಲೆ

ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯ ದಿನ ಅಥವಾ ಮರುದಿನವೇ ರೋಗಿಯನ್ನು ನಿಲ್ಲಿಸಿ ನಡೆಸುತ್ತಾರೆ. ಕೆಲವೇ ದಿನಗಳಲ್ಲಿ ಮನೆಗೆ ಕಳುಹಿಸುತ್ತಾರೆ. ಸುಮಾರು ಎರಡು ವಾರಕ್ಕೆ ಹೊಲಿಗೆ ಬಿಚ್ಚುತ್ತಾರೆ. ಆ ಮೊದಲ ವಾರಗಳಲ್ಲಿ ಎರಡು ಗುರಿಗಳು: ಕಾಲು ಪೂರ್ಣ ನೆಟ್ಟಗಾಗಬೇಕು, ದಿನದಿನಕ್ಕೆ ಹೆಚ್ಚು ಮಡಿಸಬೇಕು. ಆರು ವಾರಗಳೊಳಗೆ ಲಂಬಕೋನವಾದ 90 ಡಿಗ್ರಿಯನ್ನು ಮುಟ್ಟಬೇಕು, ಸಾಧ್ಯವಾದರೆ ಮೀರಬೇಕು.

ಮಲಗಿದಾಗ ಮಂಡಿಯ ಕೆಳಗೆ ದಿಂಬಿಟ್ಟರೆ ಹಾಯೆನಿಸುತ್ತದೆ. ಆದರೆ ಆ ಹಾಯೇ ಕಾಲನ್ನು ಬಾಗಿದಂತೆಯೇ ನಿಲ್ಲಿಸಿಬಿಡುತ್ತದೆ. ದಿಂಬನ್ನು ಹಿಮ್ಮಡಿಯ ಕೆಳಗಿಡಬೇಕು. ನೋವಿನ ಗುಳಿಗೆಯನ್ನು ವ್ಯಾಯಾಮಕ್ಕೆ ಅರ್ಧ ಗಂಟೆ ಮೊದಲು ಕೊಟ್ಟರೆ ವ್ಯಾಯಾಮ ಸುಲಭವಾಗುತ್ತದೆ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 15–20 ನಿಮಿಷ ಇಟ್ಟರೆ ಬಾವು ಇಳಿಯುತ್ತದೆ. ಎಣ್ಣೆ ತಿಕ್ಕುವುದು, ಬಿಸಿ ಶಾಖ ಕೊಡುವುದು ಬೇಡವೇ ಬೇಡ. ಮೀನಖಂಡವನ್ನು ನೀವುವುದಂತೂ ಅಪಾಯ. ಶೌಚಾಲಯಕ್ಕೆ ಏಳಬೇಕಾದೀತೆಂದು ನೀರು ಕಡಿಮೆ ಕುಡಿಯುವುದು ಸಹ ತಪ್ಪು.

ಕೋಲನ್ನು ಶಸ್ತ್ರಚಿಕಿತ್ಸೆಯಾಗದ ಬದಿಯ ಕೈಯಲ್ಲಿ ಹಿಡಿಯಬೇಕು. ಮೆಟ್ಟಿಲು ಹತ್ತುವಾಗ ಗಟ್ಟಿಯಾದ ಕಾಲು ಮೊದಲು, ಇಳಿಯುವಾಗ ಹೊಸ ಮಂಡಿಯ ಕಾಲು ಮೊದಲು. ಬಾವು, ಬಿಸುಪು, ಗಾಯದ ಹೊರಬದಿಯ ಜೋಮು ಕೆಲವು ತಿಂಗಳು ಇರಬಹುದು. ಮೂರು ತಿಂಗಳಲ್ಲಿ ಬಹುಪಾಲು ಚೇತರಿಕೆಯಾದರೂ ಪೂರ್ಣ ಸುಧಾರಣೆಗೆ ಒಂದು ವರ್ಷ ಹಿಡಿಯುತ್ತದೆ.

ಮೀನಖಂಡದಲ್ಲಿ ಹೊಸದಾಗಿ ನೋವು, ಬಿಗಿತ, ಬಾವು ಕಂಡರೆ, ಗಾಯದಿಂದ ದ್ರವ ಒಸರಿದರೆ, ಕೆಂಪು ಹರಡಿದರೆ, ಚಳಿಜ್ವರ ಬಂದರೆ ಅಂದೇ ವೈದ್ಯರನ್ನು ಕಾಣಬೇಕು. ಉಸಿರು ಕಟ್ಟಿದಂತಾದರೆ, ಎದೆ ನೋವು ಬಂದರೆ ಒಂದು ಕ್ಷಣವೂ ತಡಮಾಡದೆ 108ಕ್ಕೆ ಕರೆಮಾಡಿ. ರಕ್ತದ ಗಡ್ಡೆ ಶ್ವಾಸಕೋಶವನ್ನು ಸೇರಿರಬಹುದು. ಮುಂದೆ ವರ್ಷಗಳು ಕಳೆದ ಮೇಲೂ ಹಲ್ಲು ಕೀಳಿಸುವಾಗ ಕೃತಕ ಮಂಡಿಯಿರುವುದನ್ನು ವೈದ್ಯರಿಗೆ ತಿಳಿಸಿ.

ಕನಿಕರ ಸಾಲದು

ಕೊನೆಯದಾಗಿ ಒಂದು ಮಾತು. ‘ಅಮ್ಮನಿಗೆ ನೋವಾಗುತ್ತದೆ, ಇವತ್ತು ಬೇಡ ಬಿಡಿ’ ಎಂದು ವ್ಯಾಯಾಮ ತಪ್ಪಿಸುವ ಮಕ್ಕಳು ಪ್ರೀತಿಯಿಂದಲೇ ಹಾಗೆ ಹೇಳುತ್ತಾರೆ. ನೋಡಲು ಬಂದ ಬಂಧುಗಳು, ‘ಏಳಬೇಡವ್ವಾ, ಮಲಗಿರು’ ಎಂದು ಉಪಚಾರ ಹೇಳುತ್ತಾರೆ. ಅವರೊಡನೆ ಮಾತನಾಡುತ್ತ ಕುಳಿತು ಆ ಹೊತ್ತಿನ ನಡಿಗೆಯೂ ತಪ್ಪುತ್ತದೆ. ಆದರೆ ಮೊದಲ ವಾರಗಳಲ್ಲಿ ಮಡಿಯದ ಮಂಡಿಯನ್ನು ಆಮೇಲೆ ಮಡಿಸುವುದು ಬಹು ಕಷ್ಟ. ನೋವನ್ನು ಅರಿತು, ಔಷಧ ಕೊಟ್ಟು, ಪಕ್ಕದಲ್ಲಿ ನಿಂತು ‘ಇನ್ನು ಐದು ಸಲ’ ಎಂದು ಎಣಿಸುವವರು ಆ ತಾಯಿಗೆ ನಿಜವಾದ ಆಸರೆ. ಬಂಧುಗಳು ಬರುವುದಾದರೆ ವ್ಯಾಯಾಮ ಮುಗಿದ ಮೇಲೆ ಬರಲಿ, ಇಲ್ಲವೇ ಆಕೆಯೊಡನೆ ಅಂಗಳದವರೆಗೆ ನಾಲ್ಕು ಹೆಜ್ಜೆ ನಡೆಯಲಿ.

ವರ್ಷಗಟ್ಟಲೆ ಮನೆಯವರಿಗಾಗಿ ನಿಂತೇ ದುಡಿದ ಕಾಲುಗಳವು. ಅವುಗಳಿಗಾಗಿ ಮನೆಯವರೆಲ್ಲ ಮೂರು ತಿಂಗಳು ತಮ್ಮ ದಿನಚರಿಯನ್ನು ಬದಲಾಯಿಸಿಕೊಳ್ಳುವುದು ದೊಡ್ಡ ತ್ಯಾಗವೇನಲ್ಲ. ವೈದ್ಯರು ದಿನಾಂಕ ಕೊಡುವ ಮೊದಲೇ ಒಂದು ಸಂಜೆ ಎಲ್ಲರೂ ಕುಳಿತು, ಯಾರು ಏನು ಮಾಡಬೇಕೆಂಬುದನ್ನು ಬರೆದಿಟ್ಟುಕೊಳ್ಳಿರಿ.